ಬೆಂಡೆಕಾಯಿ ಮುರಿಯುವ ಕೈಗೆ ಕಾಫಿಬೀಜ ಏಕೆ ಕಾಣದು?

ನಮ್ಮ ಬಾಗಲಗುಂಟೆಯಲ್ಲಿ ಸಂಜೆ ಆರು ಗಂಟೆಗೆ ಹೆಸರಘಟ್ಟ ರಸ್ತೆಯ ಬದಿಗೆ ಬಂದು ನಿಂತರೆ ಹೆಂಗಸರ ಜಾಣತನ ಎಂಥದ್ದೆಂದು ಕಣ್ಣಾರೆ ನೋಡಬಹುದು. ಪೀಣ್ಯದ ಕಾರ್ಖಾನೆಗಳಿಂದ ಬಿಟ್ಟು ಬಂದವರು, ಮಕ್ಕಳನ್ನು ಟ್ಯೂಷನ್ನಿಗೆ ಕಳಿಸಿ ಬಂದವರು, ನನ್ನಂತೆ ಶಾಲೆ ಮುಗಿಸಿ ಬಂದವರು, ಎಲ್ಲರೂ ತರಕಾರಿ ಗಾಡಿಯ ಸುತ್ತ ಸೇರಿರುತ್ತಾರೆ. ಒಬ್ಬಳು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾಳೆ. ಇನ್ನೊಬ್ಬಳು ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುವಿನ ತೂತು ಹುಡುಕುತ್ತಾಳೆ. ಮತ್ತೊಬ್ಬಳು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಗಾಡಿಯವನು ಎಷ್ಟು ಗೊಣಗಿದರೂ ಇವರ ಕೈ ನಿಲ್ಲುವುದಿಲ್ಲ. ಆಮೇಲೆ ಅದೇ ಹೆಂಗಸು ಪಕ್ಕದ ಅಂಗಡಿಗೆ ಹೋಗಿ "ಕಾಫಿಪುಡಿ ಕಾಲು ಕೇಜಿ ಕೊಡಿ" ಎಂದು ಹೇಳಿ, ಕೊಟ್ಟದ್ದನ್ನು ಚೀಲದೊಳಗೆ ಹಾಕಿಕೊಂಡು ಹೊರಟುಬಿಡುತ್ತಾಳೆ. ಬೆಂಡೆಕಾಯಿಗೆ ಕೊಟ್ಟದ್ದರ ಹತ್ತರಷ್ಟು ದುಡ್ಡು ಅಲ್ಲಿ ಹೋಗಿರುತ್ತದೆ. ಒಂದು ಪ್ರಶ್ನೆ ಕೇಳಿರುವುದಿಲ್ಲ.

ಇದನ್ನು ಜಗಳ ಕಾಯುವ ಧಾಟಿಯಲ್ಲೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲ ಜಗಳ ನನ್ನ ಜೊತೆಗೇ. ಏಕೆಂದರೆ ನಾನೂ ಮೂವತ್ತು ವರ್ಷ ಹೀಗೆಯೇ ಕಾಫಿಪುಡಿ ಕೊಂಡವಳು. ಕಣ್ಣು ತೆರೆದದ್ದು ತರಗತಿಯಲ್ಲಿ, ಅದೂ ಒಂದು ಮಗುವಿನ ಮುಖ ಕೆಡಿಸಿದ ಮೇಲೆ.

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಗ್ರಾಹಕ ಶಿಕ್ಷಣದ ಪಾಠ ಬರುತ್ತದೆ. ವರ್ಷದ ಕೊನೆಯ ಪಾಠ. ಪರೀಕ್ಷೆಯ ಗಡಿಬಿಡಿಯಲ್ಲಿ ಎಲ್ಲರೂ ಓಡಿಸಿಬಿಡುವಂಥದ್ದು. ನನಗೆ ಆ ವರ್ಷ ಹುರುಪು ಬಂತು. 1986ರ ಕಾಯಿದೆ ಹೋಗಿ 2019ರ ಕಾಯಿದೆ ಬಂದಿದೆ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳ ತಲೆಗೆ ಏನು ಹತ್ತೀತು ಎಂದುಕೊಂಡು, "ನಾಳೆ ನಿಮ್ಮ ನಿಮ್ಮ ಮನೆಯಿಂದ ಒಂದು ಚಮಚ ಕಾಫಿಪುಡಿ ತನ್ನಿ" ಎಂದೆ. ಪರೀಕ್ಷೆ ಬಹಳ ಸುಲಭದ್ದು, ನೀವೂ ಇವತ್ತೇ ಮಾಡಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲಿಂದ ಸ್ವಲ್ಪ ಪುಡಿ ಉದುರಿಸಬೇಕು, ಕಲಕಬಾರದು. ಕಾಫಿಯಾದರೆ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿಯಾದರೆ ಕೂಡಲೇ ಕೆಳಗಿಳಿಯತೊಡಗುತ್ತದೆ, ಇಳಿಯುವ ದಾರಿಯಲ್ಲಿ ನೀರಿಗೆ ಕಂದುಬಣ್ಣದ ಎಳೆ ಬಿಡುತ್ತದೆ.

ಮೇಜಿನ ಮೇಲೆ ಸಾಲಾಗಿ ಲೋಟಗಳು. ಕೆಲವರ ಪುಡಿ ತೇಲಿತು, ಕೆಲವರದು ಅರ್ಧಂಬರ್ಧ ಇಳಿಯಿತು. ಒಬ್ಬ ಹುಡುಗಿಯ ಪುಡಿ ಮಾತ್ರ ಹಾಕಿದ್ದೇ ತಡ ಮುಕ್ಕಾಲು ಪಾಲು ತಳ ಸೇರಿತು, ನೀರು ಕಂಚಿನ ಬಣ್ಣಕ್ಕೆ ತಿರುಗಿತು. ಅವಳ ತಾಯಿ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವಳು. ಹಿಂದಿನ ಬೆಂಚಿನ ಹುಡುಗನೊಬ್ಬ "ಚಿಕೋರಿ ರಾಣಿ" ಅಂದ. ತರಗತಿಯೆಲ್ಲ ನಕ್ಕಿತು. ನಾನು ಗದರಿದೆ, ಆದರೆ ಗದರುವಷ್ಟರಲ್ಲಿ ಹೆಸರು ಅಂಟಿಯಾಗಿತ್ತು. ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನ ತಾಯಿಯೇ ಬಂದಳು, ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಪರ್ಸಿನಿಂದ ಖಾಲಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ಮೇಡಂ, ನಾವು ಕಾಫಿ ಅಂತಾನೇ ದುಡ್ಡು ಕೊಡಾದು. ಹಂಗಾರೆ ಯಾವ್ದು ತಗಬೇಕು, ನೀವೇ ಹೇಳಿ" ಅಂದಳು. ಮಧುಗಿರಿ ಕಡೆಯ ಹೆಂಗಸು.

ನನ್ನ ಬಳಿ ಉತ್ತರವಿರಲಿಲ್ಲ. ಪಾಠ ಮಾಡಿದವಳಿಗೆ ಪಾಠ ಬರುತ್ತಿರಲಿಲ್ಲ.

ಪೊಟ್ಟಣವನ್ನು ಬೆಳಕಿಗೆ ಹಿಡಿದು, ಕನ್ನಡಕ ಹಾಕಿಕೊಂಡು ನೋಡಿದೆ. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಕಾಫಿ ನೂರಕ್ಕೆ 51, ಚಿಕೋರಿ ನೂರಕ್ಕೆ 49. ಕಾನೂನು ಹೇಳುವುದೂ ಅಷ್ಟೇ. ಮಿಶ್ರಣದಲ್ಲಿ ಕಾಫಿಯ ಪಾಲು 51ಕ್ಕಿಂತ ಕಡಿಮೆ ಇರಕೂಡದು, ಎಷ್ಟೆಷ್ಟು ಎಂದು ಪೊಟ್ಟಣದ ಮೇಲೆ ಮುದ್ರಿಸಬೇಕು. ಮುದ್ರಿಸಿದ್ದರು. ಕಳ್ಳತನ ಎನ್ನುವ ಹಾಗೂ ಇಲ್ಲ. ಆದರೆ ಮುಂಭಾಗದಲ್ಲಿ ಅಂಗೈಯಗಲ "ಫಿಲ್ಟರ್ ಕಾಫಿ" ಎಂದು ಬರೆದು, ಕೆಂಪು ಹಣ್ಣುಗಳ ಗೊಂಚಲಿನ ಚಿತ್ರ ಹಾಕಿದವರಿಗೆ, ಅರ್ಧಕ್ಕರ್ಧ ಇರುವ ಚಿಕೋರಿ ಗೆಡ್ಡೆಯ ಚಿತ್ರವನ್ನೂ ಪಕ್ಕದಲ್ಲಿ ಹಾಕಲು ಏನು ಅಡ್ಡಿ? ಇನ್ನೂರು ಗ್ರಾಂ ಪೊಟ್ಟಣ ಕೊಂಡರೆ ಅದರಲ್ಲಿ 98 ಗ್ರಾಂ ಕಾಫಿಯೇ ಅಲ್ಲ. ಅದು ಗುಜರಾತಿನ ಜಾಮ್‌ನಗರದ ಕಡೆಯೋ ಉತ್ತರ ಪ್ರದೇಶದ ಏಟಾ ಕಡೆಯೋ ಹೊಲದಲ್ಲಿ ಬೆಳೆದ ಬೇರು. ಒಣಗಿಸಿ, ಹುರಿದು, ಪುಡಿ ಮಾಡಿದ್ದು. ಕಾಫಿಬೀಜಕ್ಕಿಂತ ಎಷ್ಟೋ ಅಗ್ಗ.

ಚಿಕೋರಿಯ ಮೇಲೆ ನನಗೆ ಹಗೆಯಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ವಿಷವೂ ಅಲ್ಲ. ಡಿಕಾಕ್ಷನ್ ಗಟ್ಟಿಯಾಗುತ್ತದೆ, ಬಣ್ಣ ಬರುತ್ತದೆ, ಹಾಲಿಗೆ ಒಗ್ಗುತ್ತದೆ. ನಮ್ಮ ಬೆಂಗಳೂರು ಮೈಸೂರು ಕಡೆಯ ನಾಲಿಗೆಗೆ ಆ ಕಹಿ ಎಂದೋ ಹೊಂದಿಕೊಂಡಿದೆ. ಹತ್ತು ಹದಿನೈದು ಪಾಲು ಬೇಕು ಎನ್ನುವವರು ಹಾಕಿಸಿಕೊಳ್ಳಲಿ. ಹಾಕಿಸಿಕೊಳ್ಳುವುದು ಬೇರೆ, ಹಾಕಿಸಿಕೊಂಡಿದ್ದೇವೆ ಎಂದು ಗೊತ್ತೇ ಇಲ್ಲದಿರುವುದು ಬೇರೆ.

ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿದಾಗ ಸಹೋದ್ಯೋಗಿಯೊಬ್ಬರು, "ಬಿಡಿ, ಅವರ ಲೆವೆಲ್ಲಿಗೆ ಅದು ಸಾಕು. ಅರೇಬಿಕಾ, ರೊಬಸ್ಟಾ ಎಲ್ಲ ಐಟಿ ಕಂಪನಿಯವರ ಶೋಕಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಸೋನಾ ಮಸೂರಿ ಯಾವುದು, ದೋಸೆ ಅಕ್ಕಿ ಯಾವುದು ಎಂದು ತಿಳಿದುಕೊಳ್ಳುವುದು ಶೋಕಿಯೇ? ಸೋನಾ ಮಸೂರಿಯ ದುಡ್ಡು ತೆಗೆದುಕೊಂಡು ಅರ್ಧ ನುಚ್ಚು ಬೆರೆಸಿ ಕೊಟ್ಟರೆ ಅವರ ಲೆವೆಲ್ಲಿಗೆ ಸಾಕು ಎನ್ನುತ್ತೇವೆಯೇ? ಅಂಗಡಿಯವನ ಕೊರಳಪಟ್ಟಿ ಹಿಡಿಯುತ್ತೇವೆ.

ಆ ಬೆಳೆ ಎಲ್ಲಿಂದಲೋ ಬಂದದ್ದೂ ಅಲ್ಲ. ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಬೀಜ ತಂದು ಚಂದ್ರಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಇಡೀ ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನದ್ದು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಕಾಫಿ ಬೋರ್ಡಿನ ಮುಖ್ಯ ಕಚೇರಿ ನಮ್ಮ ವಿಧಾನಸೌಧದ ಹತ್ತಿರವೇ ಇದೆ. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಈ ಮೂರಕ್ಕೂ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಬೆಳೆದದ್ದರಲ್ಲಿ ಮೂರರಲ್ಲಿ ಎರಡು ಪಾಲು ಹಡಗು ಹತ್ತಿ ಇಟಲಿ, ಜರ್ಮನಿಗೆ ಹೋಗುತ್ತದೆ. ಅಲ್ಲಿಯವರು ಬೀಜವನ್ನು ಎಣಿಸಿ, ಮೂಸಿ, ಕುದಿಸಿ, ಬಾಯಿಗಿಟ್ಟು ನೋಡಿ ಕೊಳ್ಳುತ್ತಾರೆ. ಮಗ್ಗುಲಲ್ಲೇ ಇರುವ ನಾವು ಪೊಟ್ಟಣದ ಚಿತ್ರ ನೋಡಿ ಕೊಳ್ಳುತ್ತೇವೆ.

ನಮ್ಮಮ್ಮ ಹೀಗಿರಲಿಲ್ಲ. ಅರಸೀಕೆರೆಯಲ್ಲಿದ್ದಾಗ ಅಪ್ಪ ಬೆಂಗಳೂರಿಗೆ ಹೋದರೆ ಕಾಫಿ ಬೋರ್ಡಿನ ಡಿಪೋದಿಂದ ಬೀಜ ತರುತ್ತಿದ್ದರು. ಆಗೆಲ್ಲ ಬೆಳೆಗಾರರು ಬೆಳೆದದ್ದನ್ನು ಬೋರ್ಡಿಗೇ ಒಪ್ಪಿಸಬೇಕಿತ್ತು. 1990ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. ಅಮ್ಮ ಬೀಜವನ್ನು ಮೊರಕ್ಕೆ ಸುರಿದುಕೊಂಡು, ಅಕ್ಕಿ ಆರಿಸಿದ ಹಾಗೆಯೇ ಆರಿಸುತ್ತಿದ್ದಳು. ಕಪ್ಪಾದದ್ದು, ಒಡಕಲು, ಸೂಜಿ ಚುಚ್ಚಿದ ಹಾಗೆ ತೂತಿರುವುದು, ಎಲ್ಲ ಮೊರದ ತುದಿಗೆ. "ಒಂದು ಹುಳುಕು ಸೇರಿದ್ರೆ ಇಡೀ ಫಿಲ್ಟರು ಕೆಡ್ತದೆ ಕಣೆ" ಎನ್ನುತ್ತಿದ್ದಳು. ಆಮೇಲೆ ಬಾಣಲೆ, ಸಣ್ಣ ಉರಿ, ಕೈಬಿಡದೆ ಕದಡುವುದು. ಬೀಜ ಚಟಪಟ ಅನ್ನತೊಡಗಿದರೆ ಮೈಯೆಲ್ಲ ಕಿವಿ. ಜೇನುಬಣ್ಣ ದಾಟಿ ಕಡುಕಂದಿಗೆ ಬಂದ ಕ್ಷಣದಲ್ಲಿ ಮೊರಕ್ಕೆ ಸುರಿದು ಗಾಳಿ ಹಾಕುವುದು. ಕಿಟಕಿಯ ಕಟ್ಟೆಗೆ ಬಿಗಿದಿದ್ದ ಕೈಮಿಲ್ಲಿನಲ್ಲಿ ಅಂದಂದಿನ ಪುಡಿ ಅಂದಂದೇ. ಮಿಲ್ಲು ತಿರುಗಿಸುವ ಕೆಲಸ ನನ್ನದು, ಅದಕ್ಕೇ ನನಗೆ ಆಗ ಕಾಫಿ ಎಂದರೆ ಕೋಪ.

ಆ ಕೆಲಸ ಮತ್ತೆ ಶುರುಮಾಡಿ ಎಂದು ನಾನು ಹೇಳುತ್ತಿಲ್ಲ. ಗೊತ್ತು, ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟಿ ಎಂಟನೇ ಮೈಲಿಯಲ್ಲಿ ಬಸ್ಸು ಹಿಡಿಯುವವಳಿಗೆ ಬಾಣಲೆಯ ಮುಂದೆ ನಿಲ್ಲು ಎನ್ನುವುದು ಅನ್ಯಾಯ. ಆದರೆ ಹುರಿಯುವ ಕೆಲಸವನ್ನು ಅಂಗಡಿಗೆ ಬಿಟ್ಟಾಗ ನೋಡುವ ಕೆಲಸವನ್ನೂ ಬಿಟ್ಟುಕೊಟ್ಟೆವಲ್ಲ, ಅದೇ ನನ್ನ ಸಂಕಟ.

ಆ ತಾಯಿಗೆ ಉತ್ತರ ಹುಡುಕಲೆಂದೇ ಒಂದು ಶನಿವಾರ ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಹೋದೆ. ಅಲ್ಲಿ ಕಣ್ಣೆದುರೇ ಬೀಸಿಕೊಡುವ ಅಂಗಡಿಗಳಿವೆ. ಡಬ್ಬಗಳ ಮೇಲಿನ ಹೆಸರುಗಳನ್ನು ಮೊದಲ ಬಾರಿಗೆ ಓದಿದೆ. ಪ್ಲಾಂಟೇಷನ್ ಎ, ಪೀಬೆರಿ, ರೊಬಸ್ಟಾ ಚೆರ್ರಿ, ಪಾರ್ಚ್‌ಮೆಂಟ್. ಅಂಗಡಿಯ ಮುದುಕರು ಪುಣ್ಯಾತ್ಮರು, ಗಿರಾಕಿಗಳಿಲ್ಲದ ಹೊತ್ತಾದ್ದರಿಂದ ಬಿಡಿಸಿ ಹೇಳಿದರು. ಅರೇಬಿಕಾ ಹಣ್ಣಿನ ಸಿಪ್ಪೆ ತೆಗೆದು, ಲೋಳೆ ತೊಳೆದು ಒಣಗಿಸಿದರೆ ಪ್ಲಾಂಟೇಷನ್. ರೊಬಸ್ಟಾವನ್ನು ಹಾಗೆ ಮಾಡಿದರೆ ಪಾರ್ಚ್‌ಮೆಂಟ್. ಎರಡರಲ್ಲಿ ಯಾವುದನ್ನೇ ಆಗಲಿ ಹಣ್ಣಿರುವ ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರ್ರಿ. ತೊಳೆದದ್ದಕ್ಕೆ ಪರಿಮಳ, ತಿಳಿ ಹುಳಿ; ಚೆರ್ರಿಗೆ ಗಡಸು. ಎ, ಬಿ, ಸಿ ಎನ್ನುವುದು ಜರಡಿಯ ಲೆಕ್ಕ, ಬೀಜದ ಗಾತ್ರ ಅಷ್ಟೇ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾದರೆ ಪೀಬೆರಿ. ಪೀಬೆರಿ ಎಂದ ಕೂಡಲೇ ಹೆಚ್ಚು ದುಡ್ಡು ಕೊಡುವವರು ಕೇಳಿಕೊಳ್ಳಬೇಕು, ಅದು ಅರೇಬಿಕಾದ್ದೋ ರೊಬಸ್ಟಾದ್ದೋ ಎಂದು. ಎರಡರಲ್ಲೂ ಗುಂಡುಬೀಜ ಇರುತ್ತದೆ. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಎರಡರಷ್ಟು. ಬಿಪಿ ಇರುವವರು, ನಿದ್ದೆ ಬಾರದವರು ಇಷ್ಟಾದರೂ ತಿಳಿದಿರಲಿ.

ಕಪ್ಪುಬೀಜಕ್ಕೂ, ಒಡೆದ ಚೂರಿಗೂ ವ್ಯಾಪಾರದಲ್ಲಿ ದರ್ಜೆಗಳಿವೆ. ಬ್ಲ್ಯಾಕ್ಸ್, ಬಿಟ್ಸ್ ಎನ್ನುತ್ತಾರೆ. ನಮ್ಮಮ್ಮ ಮೊರದ ತುದಿಗೆ ತಳ್ಳುತ್ತಿದ್ದದ್ದಕ್ಕೂ ಒಂದು ಬೆಲೆ, ಕೊಳ್ಳುವವರು! ಕೆಟ್ಟ ಬೀಜವನ್ನು ಮುಚ್ಚಿಹಾಕಲು ಸುಲಭದ ದಾರಿ ಎಂದರೆ ಕರ್ರಗೆ ಹುರಿಯುವುದು. ಇದ್ದಲಿನಂತೆ ಹುರಿದ ಮೇಲೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಕಹಿ. "ಸ್ಟ್ರಾಂಗ್ ಇದೆ ಮೇಡಂ" ಎಂದು ಅಂಗಡಿಯವನು ಹೇಳಿದರೆ ನಾವು ಖುಷಿಪಡುತ್ತೇವೆ. ಸುಟ್ಟ ವಾಸನೆಗೆ ನಾವಿಟ್ಟುಕೊಂಡ ಮರ್ಯಾದೆಯ ಹೆಸರು ಅದು.

ಹಾಗಾಗಿ ಅಂಗಡಿಯಲ್ಲಿ ಬೀಜ ತೋರಿಸಿ ಎನ್ನಿ. ಹುರಿದದ್ದನ್ನು ಅಂಗೈಗೆ ಹಾಕಿಸಿಕೊಳ್ಳಿ. ಎಲ್ಲ ಒಂದೇ ಬಣ್ಣವಿದೆಯೇ, ಚೂರು ಹೆಚ್ಚಿದೆಯೇ, ಸೂಜಿತೂತು ಕಾಣುತ್ತದೆಯೇ ನೋಡಿ. ಮೂಸಿ. ಹಳೆ ಎಣ್ಣೆಯ ಕಮಟು ಬಂದರೆ ವಾಪಸು ಕೊಡಿ. ಯಾವತ್ತು ಹುರಿದದ್ದು ಎಂದು ಕೇಳಿ. ಈ ಪ್ರಶ್ನೆಗೆ ತಡವರಿಸಿದರೆ ಮುಂದಿನ ಅಂಗಡಿ. ಬೀಜ ಹುರಿದ ಮೇಲೆ ಎರಡು ಮೂರು ವಾರ ಚೆನ್ನಾಗಿರುತ್ತದೆ, ಪುಡಿಯಾದರೆ ದಿನದಿನಕ್ಕೂ ಪರಿಮಳ ಹಾರುತ್ತದೆ. ತಿಂಗಳ ಸಾಮಾನಿನ ಚೀಟಿಯಲ್ಲಿ ಒಂದೇ ಸಲ ಒಂದು ಕೇಜಿ ಬರೆಯುವ ಅಭ್ಯಾಸ ಬಿಟ್ಟು ವಾರಕ್ಕೆ ಬೇಕಾದಷ್ಟೇ ತನ್ನಿ. ಚಿಕೋರಿ ಎಷ್ಟು ಹಾಕಬೇಕೆಂದು ನೀವು ಹೇಳಿ, ಅವರು ಹೇಳುವುದು ಬೇಡ.

ಇನ್ನು ಸಾವಯವ. ಇಲ್ಲಿ ನನ್ನ ದಡ್ಡತನವನ್ನು ಒಪ್ಪಿಕೊಳ್ಳಬೇಕು. ನಮ್ಮ ಬಡಾವಣೆಯಲ್ಲಿ ಭಾನುವಾರ ಒಬ್ಬ ಸಾವಯವ ಪದಾರ್ಥದ ಮೇಜು ಹಾಕುತ್ತಿದ್ದ. ಕಂದು ಕಾಗದದ ಪೊಟ್ಟಣ, ಸಣಬಿನ ದಾರ, ಮೇಲೊಂದು ಹಸಿರೆಲೆಯ ಮುದ್ರೆ. ಬೆಲೆ ಒಂದೂವರೆ ಪಟ್ಟು. ಎರಡು ವರ್ಷ ಕೊಂಡೆ. ಸ್ಟಾಫ್ ರೂಮಿಗೆಲ್ಲ ಶಿಫಾರಸು ಮಾಡಿದೆ. ಕೃಷಿ ಓದಿದ ನನ್ನ ಅಣ್ಣನ ಮಗ ಒಮ್ಮೆ ಬಂದವನು ಪೊಟ್ಟಣ ತಿರುಗಿಸಿ, "ಅತ್ತೆ, ಪ್ರಮಾಣಪತ್ರದ ನಂಬರ್ ಎಲ್ಲಿ?" ಎಂದ. ಇರಲಿಲ್ಲ. ಮುಂದಿನ ಭಾನುವಾರ ಕೇಳಿದರೆ, "ತೋಟಕ್ಕೇ ಬಂದು ನೋಡಿ ಮೇಡಂ" ಎಂದ. ಯಾವ ತೋಟ ಎಂದೆ. ಅವನೂ ಮಂಡಿಯವರಿಂದ ತರುತ್ತಿದ್ದವನು, ಅವನಿಗೇ ಗೊತ್ತಿರಲಿಲ್ಲ. ಎಲೆಯ ಚಿತ್ರಕ್ಕೆ ಎರಡು ವರ್ಷ ಹೆಚ್ಚಿನ ದುಡ್ಡು ಕೊಟ್ಟಿದ್ದೆ.

ನಮ್ಮ ದೇಶದಲ್ಲಿ ಸಾವಯವಕ್ಕೆ 2001ರಿಂದ ಒಂದು ರಾಷ್ಟ್ರೀಯ ಕಟ್ಟಳೆಯಿದೆ, ಅದರ ಗುರುತು ಇಂಡಿಯಾ ಆರ್ಗ್ಯಾನಿಕ್ ಮುದ್ರೆ. ರೈತರ ಗುಂಪುಗಳು ಒಬ್ಬರ ತೋಟವನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಎಂಬ ವ್ಯವಸ್ಥೆಯೂ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಜೈವಿಕ್ ಭಾರತ್ ಮುದ್ರೆ ಆಮೇಲೆ ಬಂತು. ಕಾಫಿಯಂಥ ಬಹುವಾರ್ಷಿಕ ಬೆಳೆಯಾದರೆ ರಾಸಾಯನಿಕ ನಿಲ್ಲಿಸಿ ಮೂರು ವರ್ಷ ಕಾಯಬೇಕು, ಆಮೇಲಷ್ಟೇ ಆ ಹೆಸರು. ಸಣ್ಣ ಬೆಳೆಗಾರ ನೇರವಾಗಿ ನಮ್ಮ ಕೈಗೇ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಉಂಟು, ಅದು ನ್ಯಾಯವೇ. ಮಲೆನಾಡಿನಲ್ಲಿ ಗೊಬ್ಬರದ ಮೂಟೆ ಕೊಳ್ಳಲಾರದೆ ಸಗಣಿ, ತರಗೆಲೆಯಲ್ಲೇ ಗಿಡ ಸಾಕುವ ಎಷ್ಟೋ ಮಂದಿಗೆ ಪ್ರಮಾಣಪತ್ರದ ಖರ್ಚು ಕೈಗೆಟುಕುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡುಮರಗಳ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಇಂಥವರದ್ದಾದರೆ ಊರು, ತೋಟ, ಬೆಳೆದವರ ಹೆಸರು ಹೇಳುವಂತಿರಬೇಕು. ಮುದ್ರೆಯೂ ಇಲ್ಲ, ಹೆಸರೂ ಇಲ್ಲ ಎಂದರೆ ಹೆಚ್ಚಿನ ದುಡ್ಡೂ ಇಲ್ಲ.

ಸಾವಯವ ಎಂದರೆ ರುಚಿ ಹೆಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾವಯವ ಬೀಜವನ್ನೂ ಕರಕಲಾಗಿ ಹುರಿಯಬಹುದು, ವರ್ಷಗಟ್ಟಲೆ ಕೂಡಿಡಬಹುದು. ಮತ್ತೇಕೆ ಅದಕ್ಕೆ ದುಡ್ಡು ಎನ್ನುತ್ತೀರಾ? ನನ್ನ ಮಟ್ಟಿಗೆ ಉತ್ತರ ನಮ್ಮ ಹೊಟ್ಟೆಯಲ್ಲಿಲ್ಲ, ತೋಟದಲ್ಲಿ ಕೆಲಸ ಮಾಡುವವರ ಮೈಮೇಲಿದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಯಿಕೊರಕ ಮೊದಲು ಕಾಣಿಸಿಕೊಂಡಿತು, ಅಲ್ಲಿಂದ ನಮ್ಮ ತೋಟಗಳಿಗೂ ಹಬ್ಬಿತು. ಅದಕ್ಕೆ ಎಂಡೋಸಲ್ಫಾನ್ ಹೊಡೆಯುತ್ತಿದ್ದ ಕಾಲವಿತ್ತು. ಅದೇ ಔಷಧವನ್ನು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕಾಸರಗೋಡಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳ ಚಿತ್ರಗಳನ್ನು ನೀವು ನೋಡಿರುತ್ತೀರಿ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆ ಒಂದು ಹೆಸರು ಹೋಯಿತು, ಸಿಂಪರಣೆ ಹೋಗಲಿಲ್ಲ. ಕಳೆ ತೆಗೆಯುವುದು, ಗಿಡಗಿಡದ ಹಣ್ಣು ಬಿಡಿಸುವುದು, ಕಣದಲ್ಲಿ ಬೀಜ ಹರವುವುದು ಬಹುಪಾಲು ಹೆಂಗಸರು. ಆರು ಕಿಲೋ ಹಣ್ಣು ಬಿಡಿಸಿದರೆ ಹೆಚ್ಚುಕಡಿಮೆ ಒಂದು ಕಿಲೋ ಬೀಜ. ಹುರಿದಾಗ ಅದೂ ಎಂಟುನೂರೈವತ್ತು ಗ್ರಾಮಿಗೆ ಇಳಿಯುತ್ತದೆ. ಆ ಕೈಗಳಿಗೆ ವಿಷ ಸೋಕದಿರಲಿ ಎಂದು ನಾಲ್ಕು ಕಾಸು ಹೆಚ್ಚು ಕೊಡುವುದಾದರೆ ಕೊಡೋಣ. ಆದರೆ ಆ ನಾಲ್ಕು ಕಾಸು ಸಣಬಿನ ದಾರ ಕಟ್ಟಿದವನ ಜೇಬಿಗೆ ಹೋಗಬಾರದು.

2025ರ ಆರಂಭದಲ್ಲಿ ಬ್ರೆಜಿಲ್, ವಿಯೆಟ್ನಾಮಿನ ಬರದಿಂದ ಬೀಜದ ಬೆಲೆ ಎಂದೂ ಕಾಣದಷ್ಟು ಏರಿತು. ಪುಡಿ ಕಿಲೋಗೆ ಸಾವಿರ ರೂಪಾಯಿಯ ಆಸುಪಾಸಿಗೆ ಬಂತು. ಬೀಜ ದುಬಾರಿಯಾದಷ್ಟೂ ಬೇರಿನ ಪುಡಿ ಬೆರೆಸುವ ಆಸೆ ಹೆಚ್ಚುತ್ತದೆ, ಇದನ್ನು ಹೇಳಲು ಅರ್ಥಶಾಸ್ತ್ರ ಓದಬೇಕಿಲ್ಲ.

ಆ ತಾಯಿಗೆ ನಾನು ಕೊಟ್ಟ ಉತ್ತರ ಅರ್ಧದ್ದೇ. ಬೀಸಿಕೊಡುವ ಅಂಗಡಿಯಲ್ಲಿ ನೂರು ನೂರು ಗ್ರಾಂ ತಗೊಳ್ಳಿ ಎಂದೆ. "ನಾನು ಬರೋದು ಏಳೂವರೆ ಮೇಡಂ. ದಾಸರಹಳ್ಳಿಗೆ ಹೋಗೋಷ್ಟು ಕಾಲಲ್ಲಿ ಶಕ್ತಿ ಇರಲ್ಲ" ಎಂದಳು. ಅದೂ ನಿಜ. ಈಗ ನಾವು ಮೂರು ಜನ ಟೀಚರುಗಳು ವಾರಕ್ಕೊಬ್ಬರಂತೆ ಹೋಗಿ ನಾಲ್ಕೈದು ಮನೆಗಳಿಗೆ ಬೀಸಿಸಿಕೊಂಡು ಬರುತ್ತೇವೆ, ಅವಳ ನೂರು ಗ್ರಾಮೂ ಅದರಲ್ಲಿ ಸೇರಿದೆ. ತರಗತಿಯಲ್ಲಿ ಆ ಹುಡುಗಿಯನ್ನು ಮುಂದೆ ಕರೆದು, ಪೊಟ್ಟಣದ ಹಿಂಭಾಗವನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಆಮೇಲೆ ಎಲ್ಲರ ಮನೆಯ ಪೊಟ್ಟಣ ತರಿಸಿದೆ. ಚಿಕೋರಿ ರಾಣಿ ಎಂದ ಹುಡುಗನ ಮನೆಯದು 47 ಇತ್ತು.

ಒಮ್ಮೆ ಭಾನುವಾರ ಅವಳೇ ನನ್ನ ಜೊತೆ ಅಂಗಡಿಗೆ ಬಂದಳು. ಬೀಜ ತೋರಿಸಿ ಎಂದಳು. ಕೌಂಟರಿನ ಹುಡುಗ, "ಬೀಜ ನೋಡಿ ಏನ್ ಮಾಡ್ತೀರಮ್ಮ?" ಎಂದ. "ಹುಳ ಐತಾ ನೋಡ್ತೀನಪ್ಪ" ಎಂದು ಅಂಗೈ ಚಾಚಿದಳು. ಒಂದೊಂದೇ ಹೊರಳಿಸಿ ನೋಡಿದಳು, ಎರಡು ಒಡಕಲು ತೆಗೆದು ಅವನ ಮುಂದಿಟ್ಟಳು. ಆಮೇಲೆ ಚಿಕೋರಿ ಇಪ್ಪತ್ತು ಹಾಕಿ ಎಂದಳು. ನಾನು ಹತ್ತು ಸಾಕು ಕಣಮ್ಮ ಎಂದೆ. "ನಮ್ ಯಜಮಾನ್ರಿಗೆ ಗಟ್ಟಿ ಇರ್ಬೇಕು ಮೇಡಂ, ಇಪ್ಪತ್ತೇ ಇರ್ಲಿ" ಎಂದಳು. ಇಪ್ಪತ್ತೇ ಹಾಕಿದರು.